ನನ್ನ ಹೆಸರಿನ ಮುಂದಿನ ಹೆಬ್ಬೆಟ್ಟು

ಬೆಂಗಳೂರಿಗೆ ಬಂದು ಹನ್ನೊಂದು ವರ್ಷವಾದ ಮೇಲೆ ನನಗೆ ಇಲ್ಲಿ ಒಂದು ಓಟು ಸಿಕ್ಕಿತು. ಸಿಕ್ಕಿತು ಅನ್ನುವುದಕ್ಕಿಂತ ನಮ್ಮ ಓನರಕ್ಕ ಕೊಡಿಸಿದರು ಅನ್ನುವುದೇ ಸರಿ. ಹೆಬ್ಬಗೋಡಿಯ ಸುತ್ತಮುತ್ತ ಬಾಡಿಗೆಗೆ ಇದ್ದವರಿಗೆ ಇದರ ಕಷ್ಟ ಗೊತ್ತು. ಓಟರ್ ಕಾರ್ಡಿಗೆ ವಿಳಾಸ ಬೇಕು, ವಿಳಾಸಕ್ಕೆ ಮಾಲೀಕರ ಪತ್ರ ಬೇಕು, ಪತ್ರ ಅಂದ ಕೂಡಲೇ ಮಾಲೀಕರ ಮುಖ ಗಂಟಾಗುತ್ತದೆ. "ಕಾಗ್ದ ಗೀಗ್ದ ಎಲ್ಲ ಬ್ಯಾಡ ಕಣಮ್ಮ, ಇರೋವಷ್ಟ್ ದಿನ ಇರಿ" ಎಂದು ಇದಕ್ಕೆ ಮುಂಚಿನ ಮೂವರು ಮಾಲೀಕರೂ ಒಬ್ಬರಿಗೊಬ್ಬರು ಹೇಳಿಕೊಟ್ಟವರ ಹಾಗೆ ಹೇಳಿದ್ದರು. ಬಾಡಿಗೆಯವನ ಕೈಗೆ ಒಂದು ಕಾಗದ ಸಿಕ್ಕಿದರೆ ನಾಳೆ ಮನೆಯೇ ತನ್ನದು ಅಂದುಬಿಡುತ್ತಾನೆ ಎಂಬ ಹೆದರಿಕೆ. ಹೀಗಾಗಿ ನನ್ನ ಹೆಸರು ಗದಗಿನ ಹತ್ತಿರದ ನಮ್ಮ ಹಳ್ಳಿಯ ಪಟ್ಟಿಯಲ್ಲಿ ಕೆಲವು ವರ್ಷ ಇದ್ದು, ಆಮೇಲೆ ಅಲ್ಲಿಂದಲೂ ಹೋಗಿ, ಎಲ್ಲಿಯೂ ಇಲ್ಲದಂತಾಗಿತ್ತು.

ಅದೇನು ಅಷ್ಟು ದೊಡ್ಡ ಕೊರತೆಯೇ ಎಂದು ನನ್ನ ಗಂಡ ನಗುತ್ತಿದ್ದರು. ಅವರು ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಮಷೀನ್ ಆಪರೇಟರ್. ಪಾಳಿ ಮುಗಿಸಿ ಬಂದು ಮಲಗುವುದೇ ಅವರಿಗೆ ಹಬ್ಬ. ಬೀದಿಯಲ್ಲಿ ಜಗಳವಾಡುವವಳು ನಾನು. ಚರಂಡಿ ಕಟ್ಟಿಕೊಂಡಾಗ, ನೀರು ಬಾರದಿದ್ದಾಗ, ಕಂಬದ ದೀಪ ಕೆಟ್ಟಾಗ ಸೆರಗು ಸಿಕ್ಕಿಸಿಕೊಂಡು ಹೋಗುತ್ತಿದ್ದವಳು ನಾನು. ಹೋದಲ್ಲೆಲ್ಲ ಮೇಜಿನ ಆಚೆ ಕೂತವರು ಕೇಳುತ್ತಿದ್ದದ್ದು ಒಂದೇ: "ನಿಮ್ ಓಟ್ ಇಲ್ಲಿದ್ಯಾ ಮೇಡಂ?" ಇಲ್ಲ ಅಂದರೆ ಮುಗಿಯಿತು, ಅವರ ಕಣ್ಣು ಮತ್ತೆ ಮೊಬೈಲಿಗೆ. ಆಗ ನನಗೆ ಬರುತ್ತಿದ್ದ ಸಿಟ್ಟು ಅಷ್ಟಿಷ್ಟಲ್ಲ. ಹನ್ನೊಂದು ವರ್ಷ ನಾನು ಈ ಊರಲ್ಲಿ ಇದ್ದೂ ಇಲ್ಲದವಳಾಗಿದ್ದೆ.

ನಾಲ್ಕನೆಯ ಮಾಲೀಕರಾಗಿ ಸಿಕ್ಕಿದವರು ಈ ಅಕ್ಕ. ಇಲ್ಲಿನದೇ ಹಳೆಯ ಒಕ್ಕಲು ಮನೆತನ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಆರು ಸಾಲು ಬಾಡಿಗೆ ಮನೆಗಳು, ಒಂದೊಂದು ಸಾಲಿಗೆ ಎಂಟೆಂಟು ಬಾಗಿಲು. ಅಷ್ಟಿದ್ದರೂ ಮನೆಯ ಹಿಂದೆ ಎರಡು ಹಸು ಕಟ್ಟಿಕೊಂಡು ಹಾಲು ತಾವೇ ಕರೆಯುತ್ತಿದ್ದರು. ನಾನು ಎರಡನೇ ಸಾಲಿನ ಮೊದಲ ಮನೆಯವಳು. ಗಾರ್ಮೆಂಟ್ಸ್ ಕೆಲಸ ಬಿಟ್ಟ ಮೇಲೆ ಬಾಗಿಲ ಪಕ್ಕದಲ್ಲೇ ಮಷೀನು ಹಾಕಿಕೊಂಡು ರವಿಕೆ ಹೊಲಿಯುತ್ತೇನೆ. ಸುತ್ತಲಿನ ಹೆಂಗಸರೆಲ್ಲರ ಅಳತೆ ನನ್ನ ನೋಟ್‌ಬುಕ್ಕಿನಲ್ಲಿದೆ. ಅಕ್ಕನದೂ ಇದೆ. ಅವರ ಎಡಭುಜ ಬಲಕ್ಕಿಂತ ಒಂದು ಬೆರಳು ಕೆಳಗೆ, ಚಿಕ್ಕಂದಿನಿಂದ ಬಿಂದಿಗೆ ಹೊತ್ತದ್ದಕ್ಕೆ. ಇದು ಗೊತ್ತಿಲ್ಲದ ಟೈಲರ್ ಹೊಲಿದ ರವಿಕೆ ಅವರಿಗೆ ಯಾವತ್ತೂ ಕೂತಿರಲಿಲ್ಲವಂತೆ. ನಾನು ಹೊಲಿದದ್ದು ಕೂತಿತು. ಅಂದಿನಿಂದ ನಾನು ಅವರಿಗೆ ಟೈಲರಮ್ಮ.

ಚುನಾವಣೆಗೆ ಒಂದು ವರ್ಷ ಮೊದಲು ಅಕ್ಕ ಆರು ಸಾಲಿನವರನ್ನೂ ಕರೆದು ವಿಳಾಸದ ಪತ್ರ ಬರೆದುಕೊಟ್ಟರು. ನಗರಸಭೆಯಲ್ಲಿ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಗುತ್ತದೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ನಮಗೆ ಪತ್ರ ಯಾಕೆ ಸಿಕ್ಕಿತೆಂದು ನನಗೆ ತಿಳಿಯದೆ ಏನಿರಲಿಲ್ಲ, ನಾನೇನು ಅಷ್ಟು ಪೆದ್ದಿಯಲ್ಲ. ತಿಳಿದೂ ಖುಷಿಯಾಗಿತ್ತು. ಬಿಳಿಯ ಹಾಳೆಯ ಮೇಲೆ ಗುಂಡುಗುಂಡಗೆ, ಕೈ ನಡುಗಿಸುತ್ತ ಅವರೇ ಬರೆದದ್ದು: ಇಂಥವರು ನಮ್ಮ ಮನೆಯಲ್ಲಿ ವಾಸವಾಗಿರುತ್ತಾರೆ. ಕಾರ್ಡು ಬರುವ ತನಕ ಆ ಕಾಗದವನ್ನು ಎಷ್ಟು ಸಲ ತೆಗೆದು ನೋಡಿದೆನೋ ಲೆಕ್ಕವಿಲ್ಲ. ಕಾರ್ಡು ಬಂದ ದಿನ ಗಂಡನ ಮುಖದ ಮುಂದೆ ಹಿಡಿದು ಕುಣಿದಿದ್ದೆ.

ಅಂತೂ ಚುನಾವಣೆ ಬಂತು. ಅಕ್ಕ ನಂಬಿಕೊಂಡಿದ್ದ ಪಕ್ಷ ಟಿಕೆಟ್ ಕೊಡದೆ ಕೈಕೊಟ್ಟಿತು. ಅಕ್ಕ ಪಕ್ಷೇತರರಾಗಿ ನಿಂತರು. ಮರುದಿನ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತು, "ನಿಂತ್ಕಂಬುಟ್ಟೆ ಕಣವ್ವ" ಅಂದರು. "ನೀನು ಒಂದ್ ವಾರ ನನ್ ಜೊತೆ ಓಡಾಡ್ಬೇಕು. ಎಂಗಸ್ರು ಮನೆ ಒಳೀಕೆ ನಿನ್ನ್ ಬುಟ್ರೆ ಇನ್ನ್ಯಾರು ಓಗ್ತಾರೆ?"

"ಬರ್ತೀನಿ ಅಕ್ಕ" ಅಂದೆ. ಯೋಚಿಸಲು ಒಂದು ಕ್ಷಣವನ್ನೂ ತೆಗೆದುಕೊಳ್ಳಲಿಲ್ಲ.

ಅವರಿಗೆ ಸಿಕ್ಕಿದ ಚಿಹ್ನೆ ಹೊಲಿಗೆ ಯಂತ್ರ. ಚುನಾವಣೆಯ ಓಡಾಟವೆಲ್ಲ ನೋಡಿಕೊಳ್ಳುತ್ತಿದ್ದವರು ಅಕ್ಕನ ತಮ್ಮ. ಚಿತ್ರ ಯಾಕೆ, ನಿಜವಾದದ್ದನ್ನೇ ತೋರಿಸೋಣ ಎಂದು ಅವರು ನನ್ನ ಮಷೀನನ್ನು ಗೂಡ್ಸ್ ಆಟೋದ ಮೇಲೆ ಹತ್ತಿಸಿಬಿಟ್ಟರು. ನನ್ನ ಅನ್ನದ ಮಷೀನು ಚೆಂಡುಹೂವಿನ ಹಾರ ಹಾಕಿಕೊಂಡು ಒಂದು ವಾರ ಬೀದಿ ಬೀದಿ ಸುತ್ತಿತು. ಮೈಕು ಹಿಡಿದವನು ಅದರ ಪೆಡಲಿನ ಮೇಲೆ ಕಾಲಿಟ್ಟುಕೊಂಡು ಕೂತಿರುತ್ತಿದ್ದ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಎರಡು ಮದುವೆಯ ರವಿಕೆಗಳು ಕತ್ತರಿಸಿದ ಹಾಗೆಯೇ ಉಳಿದವು. ಹೊಲಿಯಲು ಕೊಟ್ಟವರ ಬಾಯಿಗೂ ನಾನೇ ಸಿಕ್ಕಿದೆ.

ನನ್ನ ಮುಖ್ಯ ಕೆಲಸ ಪಟ್ಟಿ. ಮತದಾರರ ಪಟ್ಟಿಯ ಪ್ರತಿಯನ್ನು ಕೈಯಲ್ಲಿ ಹಿಡಿದು, ಮನೆ ಮನೆ ಹೊಕ್ಕು, ಪ್ರತಿ ಹೆಸರಿನ ಮುಂದೆ ಗುರುತು ಹಾಕಬೇಕು. ನಮಗೆ ಹಾಕುವವರಿಗೆ ಸರಿ ಗುರುತು, ಹಾಕದವರಿಗೆ ಅಡ್ಡಗೆರೆ, ಅನುಮಾನ ಇದ್ದವರಿಗೆ ಪ್ರಶ್ನೆ ಗುರುತು, ಮನೆ ಖಾಲಿ ಮಾಡಿ ಹೋದವರಿಗೆ ಒಂದು 'ಖಾ'. ನಮ್ಮಂಥ ಕಡೆ ಈ 'ಖಾ'ಗಳೇ ಕಾಲು ಭಾಗ. ಕೆಲಸ ಬಿಟ್ಟವರು, ಊರಿಗೆ ಹೋದವರು, ಪಕ್ಕದ ಲೇಔಟಿಗೆ ಎದ್ದು ಹೋದವರು, ಎಲ್ಲರ ಹೆಸರೂ ಪಟ್ಟಿಯಲ್ಲಿ ಹಾಗೇ ಕೂತಿರುತ್ತದೆ. ನಾನು ತಪ್ಪಿಲ್ಲದೆ ಗುರುತು ಹಾಕಿದೆ. ಅಳತೆ ಬರೆಯುವವಳ ಬುದ್ಧಿ, ಒಂದು ನೂಲು ಆಚೀಚೆ ಆದರೂ ನಿದ್ದೆ ಬರುವುದಿಲ್ಲ. ನನ್ನ ಹೆಸರು ಬಂದಾಗ ಪೆನ್ನು ಒತ್ತಿ ದಪ್ಪನೆಯ ಸರಿ ಗುರುತು ಹಾಕಿದೆ, ಹಾಳೆ ತೂತು ಬೀಳುವಷ್ಟು.

ಇನ್ನೊಂದು ಕೆಲಸ ಅಕ್ಕನ ಕಿವಿಯಲ್ಲಿ ಪಿಸುಗುಡುವುದು. ಅವರಿಗೆ ಬಾಡಿಗೆಯವರೆಲ್ಲ ಮನೆ ನಂಬರಿನಿಂದ ಗೊತ್ತೇ ಹೊರತು ಹೆಸರಿನಿಂದಲ್ಲ. "ಏನಮ್ಮ ಹದಿನೇಳು, ಚೆಂದಾಗಿದ್ದೀಯಾ?" ಎಂದು ಮೊದಲ ದಿನ ಒಬ್ಬಳನ್ನು ಕೇಳಿಯೂಬಿಟ್ಟರು. ಅಂದಿನಿಂದ ನಾನು ಒಂದು ಹೆಜ್ಜೆ ಹಿಂದೆ ನಿಂತು, ಇವಳ ಗಂಡನಿಗೆ ಅಪಘಾತವಾಗಿತ್ತು, ಇವಳ ಮಗಳು ಹತ್ತನೇ ಕ್ಲಾಸು ಪಾಸಾದಳು ಎಂದು ಹೇಳಿಕೊಡುತ್ತಿದ್ದೆ. ಅಕ್ಕ ಅದನ್ನೇ ತಮಗೆ ಹಿಂದಿನಿಂದ ಗೊತ್ತಿದ್ದವರಂತೆ ಕೇಳುತ್ತಿದ್ದರು. ಹೆಂಗಸರ ಮುಖ ಅರಳುತ್ತಿತ್ತು. ಹಿಂದೆ ನಿಂತ ನನಗೆ ನಗು, ಜೊತೆಗೆ ಹೆಮ್ಮೆ. ಮೂರು ದಿನದಲ್ಲಿ ಅವರಿಗೆ ಹೆಸರುಗಳು ಬಾಯಿಗೆ ಬಂದವು.

ಮೂರನೆಯ ದಿನ ಐದನೇ ಸಾಲಿನಲ್ಲಿ ಒಂದು ಸೀಮಂತ. ರಾಯಚೂರಿನ ಕಡೆಯ ಹುಡುಗಿ, ತವರಿನವರು ಯಾರೂ ಬಂದಿರಲಿಲ್ಲ, ಅಕ್ಕಪಕ್ಕದವರೇ ಸೇರಿ ಮಾಡಿದ್ದು. ಅಕ್ಕ ಒಂದು ಗಳಿಗೆ ಬಂದು ಹೋಗುತ್ತಾರೆ ಅಂದುಕೊಂಡಿದ್ದೆವು. ಅವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹಸಿರು ಬಳೆ ತೊಡಿಸಿ, ಮಡಿಲು ತುಂಬಿ, ಹಾಡಿಗೆ ದನಿ ಸೇರಿಸಿ, ಕೊನೆಗೆ ಅತ್ತೂ ಬಿಟ್ಟರು. ಅವರ ಮಗಳಿಗೆ ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಿರಲಿಲ್ಲ. ಆ ಅಳು ನಾಟಕವೆಂದು ಇವತ್ತಿಗೂ ನನ್ನ ಬಾಯಿಂದ ಬರುವುದಿಲ್ಲ. ನಾಟಕವಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ವಾಪಸು ಬರುವಾಗ ನನ್ನ ಕೈ ಹಿಡಿದುಕೊಂಡು, "ನೀನ್ ಒಬ್ಳಿದ್ದೀಯ ಅಂತ ಈ ಕೆಲ್ಸಕ್ಕೆ ಇಳ್ದೆ ತಂಗಿ" ಅಂದರು. ಟೈಲರಮ್ಮ ಹೋಗಿ ತಂಗಿ ಆಯಿತು. ನಾನು ಆ ಮಾತಿಗೆ ಕರಗಿ ನೀರಾದೆ.

ಎದುರಾಳಿಯ ವಿಷಯ ಇಲ್ಲಿ ಹೇಳಬೇಕು. ಆಕೆ ಕೆರೆಯ ಕಡೆಯ ಅಪಾರ್ಟ್‌ಮೆಂಟಿನವರು, ಧಾರವಾಡದ ಕಡೆಯವರು, ಹಣೆಯ ಮೇಲೆ ಸಣ್ಣಗೆ ವಿಭೂತಿ. ನಮ್ಮದೇ ಜಾತಿ. ನಾಲ್ಕನೆಯ ದಿನ ಮಧ್ಯಾಹ್ನ ನಾನು ಊಟಕ್ಕೆಂದು ಮನೆಗೆ ಬಂದಿದ್ದಾಗ ಆಕೆ ಮೂರು ಹೆಂಗಸರ ಜೊತೆ ನನ್ನ ಬಾಗಿಲಿಗೆ ಬಂದರು.

"ಅಕ್ಕಾರ, ಒಳಗ ಬರಬಹುದೇನ್ರಿ?"

ಇಷ್ಟು ವರ್ಷದಲ್ಲಿ ನನ್ನ ಗಂಡನನ್ನು ಬಿಟ್ಟರೆ ಯಾರೂ ನನ್ನ ಬಾಗಿಲಲ್ಲಿ ನಿಂತು ಆ ಭಾಷೆಯಲ್ಲಿ ಕೇಳಿರಲಿಲ್ಲ. "ಬರ್ರಿ ಬರ್ರಿ, ಕುಂದರ್ರಿ" ಎಂದು ನನ್ನ ಬಾಯಿ ತಾನೇ ಹೇಳಿತು. ಮನೆಗೆ ಬಂದವರಿಗೆ, ಅವರು ಯಾರೇ ಇರಲಿ, ಚಹಾ ಕೊಡದೆ ಕಳಿಸುವುದು ನಮ್ಮ ಕಡೆ ಇಲ್ಲ. ಚಹಾಕ್ಕೆ ಇಡುತ್ತಲೇ ಸ್ಪಷ್ಟವಾಗಿ ಹೇಳಿದೆ: "ನೋಡ್ರಿ, ನಾ ನಮ್ಮ ಓನರಕ್ಕಗ ಮಾತು ಕೊಟ್ಟೀನಿ. ಚಾ ಕುಡೀರಿ, ಓಟು ಮಾತ್ರ ಕೇಳಬ್ಯಾಡ್ರಿ."

"ಚಾ ಆದ್ರೂ ಸಿಕ್ತಲ್ಲ ಬಿಡ್ರಿ, ಮುಂದಿನ ಸಾಲಿನ್ಯಾಗ ಅದೂ ಸಿಗಲಿಲ್ಲ" ಎಂದು ಆಕೆ ನಕ್ಕರು. ಆಮೇಲೆ ಇಲ್ಲಿ ಸಿಗುವ ಜೋಳದ ಹಿಟ್ಟಿನಿಂದ ರೊಟ್ಟಿ ಬಡಿದರೆ ಹೇಗೆ ಹರಿಯುತ್ತದೆ ಎಂಬ ಮಾತು ಬಂತು. ಆಕೆ ತಮ್ಮ ಅಡುಗೆಯವಳಿಗೆ ರೊಟ್ಟಿ ಬಡಿಯಲು ಕಲಿಸಲು ಹೋದ ಕಥೆ ಹೇಳಿದರು, ಮನೆ ತುಂಬ ನಕ್ಕೆವು. ಹತ್ತು ನಿಮಿಷ. ಹೆಚ್ಚೆಂದರೆ ಹದಿನೈದು.

ಸಂಜೆ ನಾನೇ ಅಕ್ಕನಿಗೆ ಹೇಳಿದೆ. ಬೇರೆಯವರ ಬಾಯಿಂದ ಕೇಳುವುದು ಬೇಡ ಎಂದು. ಅವರು ಹಸುವಿಗೆ ಬೂಸಾ ಕಲಸುತ್ತಿದ್ದರು, ತಲೆ ಎತ್ತಲಿಲ್ಲ.

"ನಿಮ್ಮೋರಾ?"

"ನಮ್ಮ ಕಡೆಯವರು ಅಕ್ಕ."

"ಲಿಂಗಾಯ್ತ್ರಾ?"

"ಹೂಂ."

"ಉಂ" ಅಂದರು, ಅಷ್ಟೆ. ನಾನು ಮರುದಿನದ ಕಾರ್ಯಕ್ರಮದ ಮಾತಿಗೆ ಹೋದೆ. ಊರೆಲ್ಲರ ಮನಸ್ಸು ಓದಿ ಗುರುತು ಹಾಕುತ್ತಿದ್ದವಳಿಗೆ ಎದುರಿಗಿದ್ದವರ ಆ ಒಂದು 'ಉಂ' ಕೇಳಿಸಲಿಲ್ಲ ನೋಡಿ.

ಮರುದಿನ ಶುಕ್ರವಾರ, ಅಕ್ಕನ ಅಂಗಳದಲ್ಲಿ ಅರಿಶಿನ ಕುಂಕುಮ. ಆರು ಸಾಲಿನ ಹೆಂಗಸರನ್ನು ಕರೆದವಳು ನಾನು, ತಟ್ಟೆ ಜೋಡಿಸಿದವಳು ನಾನು. ಕುಂಕುಮ ಹಚ್ಚಿಸಿಕೊಂಡು ಹೊರಡುವ ಮುಂಚೆ ಒಬ್ಬೊಬ್ಬರೂ ಮನೆದೇವರ ಪಟದ ಮುಂದೆ ಬಂದು, ಅರಿಶಿನದ ಬಟ್ಟಲು ಮುಟ್ಟಿ, ಅಕ್ಕನಿಗೇ ಓಟು ಎಂದು ಆಣೆ ಮಾಡಬೇಕು. ಇದು ಇಲ್ಲಿ ಹೊಸದಲ್ಲ. ನನಗೆ ಇದು ಇಷ್ಟವಾಗಲಿಲ್ಲ, ದೇವರನ್ನು ಇಂಥದ್ದಕ್ಕೆ ಎಳೆಯಬಾರದು, ಆದರೂ ಸುಮ್ಮನಿದ್ದೆ. ಹೆಂಗಸರು ಸಾಲಾಗಿ ಬಂದು ಮುಟ್ಟಿದರು. ಎರಡು ಕಡೆಯೂ ಆಣೆ ಮಾಡಿ ಬಂದವರು ಯಾರ್‍ಯಾರೆಂದು ನನಗೆ ಗೊತ್ತಿತ್ತು, ಅವರೂ ಮುಟ್ಟಿದರು. ಕೊನೆಗೆ ನಾನು ಕೈ ಚಾಚಿದೆ. ಅಕ್ಕ ಬಟ್ಟಲನ್ನು ಹಿಂದಕ್ಕೆ ತೆಗೆದುಕೊಂಡರು.

"ನಿಂಗ್ಯಾಕ್ ತಂಗಿ ಆಣೆ? ನೀನು ಮನೆ ಮಗ್ಳಲ್ವಾ."

ಎಲ್ಲರ ಎದುರಿಗೆ. ನನ್ನ ಕಣ್ಣಲ್ಲಿ ನೀರು ಬಂತು. ಅವತ್ತು ಮನೆಗೆ ಹೋಗಿ ಗಂಡನಿಗೆ ಅದನ್ನು ಮೂರು ಸಲ ಹೇಳಿದೆ. "ಆತ ಬಿಡ, ನಿನ್ನ ದತ್ತು ತೊಗೊಂಡ್ರು" ಎಂದು ಅವರು ಗೇಲಿ ಮಾಡಿದರು. ನಾನು ಮುನಿಸಿಕೊಂಡು ಊಟಕ್ಕೆ ಬಡಿಸಿದೆ.

ಮತದಾನದ ದಿನ ಬೆಳಿಗ್ಗೆ ಅಕ್ಕನ ತವರಿನ ಕಡೆಯಿಂದ ಒಂದು ಟೆಂಪೋದಲ್ಲಿ ಹೆಂಗಸರು ಬಂದರು. ಅಡುಗೆಗೆ, ಓಡಾಟಕ್ಕೆ ಜನ ಬೇಕಲ್ಲ, ಅದಕ್ಕೆ ಎಂದರು. ಅವರಿಗೆ ಉಪ್ಪಿಟ್ಟು ಮಾಡಿದವಳು ನಾನೇ. ಬಡಿಸಿದವಳೂ ನಾನೇ. ಒಬ್ಬಾಕೆಗೆ ಖಾರ ಹೆಚ್ಚಾಯಿತೆಂದು ಮೊಸರು ತಂದು ಹಾಕಿದ್ದೂ ನೆನಪಿದೆ. ಆಮೇಲೆ ಸಾಲಿನ ಹೆಂಗಸರನ್ನು ಎಬ್ಬಿಸಿ, ಸ್ನಾನ ಮಾಡಿಸುವುದೊಂದು ಬಾಕಿ, ಗುಂಪು ಗುಂಪಾಗಿ ಶಾಲೆಯ ಬೂತಿಗೆ ಕಳಿಸಿದೆ. ನಾನೂ ಹೋಗಿ ಬರುತ್ತೇನೆ ಎಂದು ಎರಡು ಸಲ ಎದ್ದೆ. "ನೀನ್ ಆಮ್ಯಾಕ್ ಓಗುವಂತೆ, ಮೊದ್ಲು ಬಾಕಿಯವ್ರನ್ನ ಕಳ್ಸು" ಎಂದು ಅಕ್ಕ ಎರಡು ಸಲವೂ ಕೂರಿಸಿದರು.

ಮಧ್ಯಾಹ್ನ ಎರಡು ಗಂಟೆಗೆ ಹೋದೆ. ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟಿದ್ದೆ. ನಗಬೇಡಿ, ನನಗೆ ಅದು ಅಂಥ ದಿನವೇ. ಒಳಗೆ ಮೊದಲ ಮೇಜಿನ ಅಧಿಕಾರಿ ನನ್ನ ಕ್ರಮಸಂಖ್ಯೆ ಓದಿ, ಪಟ್ಟಿಯಲ್ಲಿ ಬೆರಳು ಇಳಿಸಿ, ತಲೆ ಎತ್ತಿ ನೋಡಿದರು.

"ನಿಮ್ದು ಆಗಿದೆಯಲ್ಲಮ್ಮ."

"ಏನಾಗಿದೆ?"

"ಓಟು. ಬೆಳಿಗ್ಗೆನೇ ಆಗಿದೆ."

ಎರಡೂ ಕೈ ಮುಂದೆ ಚಾಚಿದೆ. ಬೆರಳುಗಳ ಮೇಲೆ ಸೂಜಿ ಚುಚ್ಚಿದ ಗುರುತು ಬಿಟ್ಟರೆ ಏನೂ ಇಲ್ಲ. ಅವರು ಗಾಬರಿಯಾಗಿ ಸಹಿ ಹಾಕಿಸಿಕೊಳ್ಳುವ ಪುಸ್ತಕವನ್ನು ತಿರುಗಿಸಿ ತೋರಿಸಿದರು. ನನ್ನ ನಂಬರಿನ ಮುಂದೆ ಒಂದು ಹೆಬ್ಬೆಟ್ಟು. ನೇರಳೆ ಮಸಿ, ಸ್ವಲ್ಪ ಜಾರಿ ಪಕ್ಕದ ಗೆರೆಗೆ ಅಂಟಿತ್ತು. ನಾನು ಪಿಯುಸಿ ಓದಿದವಳು. ಸಹಿಯ ಜಾಗದಲ್ಲಿ ಹೆಬ್ಬೆಟ್ಟು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲಿ ಅಕ್ಕನ ಏಜೆಂಟಾಗಿ ಕೂತಿದ್ದವರು ಅವರ ತಮ್ಮನ ಹೆಂಡತಿ. ಎರಡು ದಿನದ ಹಿಂದೆ ನನ್ನ ಹತ್ತಿರವೇ ಅಳತೆ ಕೊಟ್ಟವರು. ನಾನು ಅವರ ಮುಖ ನೋಡಿದೆ, ಅವರು ತಮ್ಮ ಮುಂದಿನ ಹಾಳೆ ನೋಡುತ್ತಿದ್ದರು. ಅವರೂ ನನ್ನಷ್ಟೇ ಕಂಗಾಲಾಗಿದ್ದಾರೆ ಅಂದುಕೊಂಡೆ.

ನನ್ನ ಕೂಗಾಟಕ್ಕೆ ಹಿರಿಯ ಅಧಿಕಾರಿ ಎದ್ದು ಬಂದರು. ಕಾರ್ಡು ನೋಡಿದರು, ನಾಲ್ಕು ಪ್ರಶ್ನೆ ಕೇಳಿದರು, ನಾನೇ ನಾನು ಎಂದು ಒಪ್ಪಿಕೊಂಡರು. "ನಿಮ್ಮ ಹೆಸರಲ್ಲಿ ಬೇರೆ ಯಾರೋ ಹಾಕಿದ್ದಾರೆ ಮೇಡಂ. ನಿಮಗೆ ಟೆಂಡರ್ ಮತ ಅಂತ ಒಂದು ಪೇಪರ್ ಕೊಡ್ತೀನಿ, ಸೀಲ್ ಒತ್ತಿ ಕೊಡಿ. ಕವರಲ್ಲಿ ಹಾಕಿ ಇಡ್ತೀವಿ" ಅಂದರು. "ಎಣಿಕೆಗೆ ಸೇರಲ್ಲ. ಮುಂದೆ ಕೋರ್ಟು ಕೇಳಿದ್ರೆ ಮಾತ್ರ ತೆಗೀತಾರೆ" ಎಂದೂ ಹೇಳಿದರು. ಒಳ್ಳೆಯ ಮನುಷ್ಯ, ಮುಚ್ಚಿಡಲಿಲ್ಲ.

ಪೇಪರು ಹಿಡಿದು ರಟ್ಟಿನ ಮರೆಗೆ ಹೋದೆ. ಹೊಲಿಗೆ ಯಂತ್ರದ ಚಿತ್ರದ ಮೇಲೆ ಸೀಲನ್ನು ಎಷ್ಟು ಬಲವಾಗಿ ಒತ್ತಿದೆನೆಂದರೆ ಮೇಜು ಅಲುಗಿತು. ಕಳ್ಳರು ಅಕ್ಕನ ಒಂದು ಓಟು ತಿಂದರು, ನಾನು ಅದನ್ನು ವಾಪಸು ಇಡುತ್ತಿದ್ದೇನೆ ಎಂದೇ ನನ್ನ ಭಾವನೆ. ಮಡಚಿ ಕೊಟ್ಟು ಹೊರಗೆ ಬಂದೆ.

ಹೊರಗೆ ಗೇಟಿನಿಂದ ದೂರದಲ್ಲಿ ಎದುರಾಳಿಯಾಕೆ ತಮ್ಮವರ ಜೊತೆ ನಿಂತಿದ್ದರು. ನಾನು ಸೀದಾ ಹೋದೆ. ನಮ್ಮೂರಿನ ಭಾಷೆಯಲ್ಲಿ ಏನೇನು ಬೈಗುಳ ಇದೆಯೋ ಅಷ್ಟನ್ನೂ ಸುರಿದೆ. ನನ್ನ ಮನೆಯ ಚಾ ಕುಡಿದು ನನ್ನ ಓಟನ್ನೇ ಕದ್ದಿರಲ್ಲ ಎಂದೆ. ಆಕೆ ಕೈ ಎತ್ತಿ, "ನಾ ಅಂಥಾಕಿ ಅಲ್ರಿ ಅಕ್ಕಾರ, ಹಂಗ್ಯಾಕ ಅಂತೀರಿ" ಎಂದಷ್ಟೇ ಅಂದರು. ಜನ ಸೇರಿದರು. ಆಕೆಯ ಕಣ್ಣು ತುಂಬಿತ್ತು. ನನಗೆ ಅದನ್ನು ನೋಡಿ ಇನ್ನೂ ಸಿಟ್ಟು ಏರಿತು. ನಿಜ ತಿಳಿದ ಮೇಲೆ ಒಂದು ದಿನ ಕ್ಷಮೆ ಕೇಳಬೇಕೆಂದು ಅವರ ಅಪಾರ್ಟ್‌ಮೆಂಟಿನ ಗೇಟಿನ ತನಕ ಹೋಗಿ, ಸೆಕ್ಯುರಿಟಿಯವನು ಯಾರ ಮನೆ ಎಂದು ಕೇಳಿದ್ದಕ್ಕೆ ಬಾಯಿ ಬಾರದೆ ವಾಪಸು ಬಂದಿದ್ದೇನೆ.

ಅಕ್ಕನಿಗೆ ನಡೆದದ್ದನ್ನು ಹೇಳಿದಾಗ, "ಓಗ್ಲಿ ಬುಡು ತಂಗಿ, ಬಿಸಿಲಲ್ಲಿ ಕೂಗಾಡ್ಬ್ಯಾಡ, ಮಜ್ಜಿಗೆ ಕುಡಿ" ಎಂದರು.

ಅಕ್ಕ ಗೆದ್ದರು. ಅಂತರ ತೀರಾ ಕಡಿಮೆ. ಪಟಾಕಿ, ಹಾರ, ಮೈಸೂರು ಪಾಕು. ನಾನೂ ಕುಣಿದೆ, ಯಾಕೆ ಸುಳ್ಳು ಹೇಳಲಿ. ಮರುದಿನ ಬೆಳಿಗ್ಗೆ ಮಷೀನು ವಾಪಸು ಬಂತು, ಬೆಲ್ಟ್ ಹರಿದಿತ್ತು. ಅಕ್ಕನ ಜಗುಲಿಯಲ್ಲಿ ಹರಡಿಕೊಂಡಿದ್ದ ಪೋಸ್ಟರು, ಹಾಳೆ, ಲೋಟಗಳನ್ನು ಒಂದಿಷ್ಟು ಒಪ್ಪ ಮಾಡಿ ಹೋಗೋಣ ಎಂದು ನಾನಾಗಿಯೇ ಕೂತೆ. ಅಲ್ಲಿ ನನ್ನ ಪಟ್ಟಿ ಸಿಕ್ಕಿತು.

ನನ್ನ ಗುರುತುಗಳ ಮೇಲೆ ಯಾರೋ ಕೆಂಪು ಪೆನ್ನಿನಲ್ಲಿ ವೃತ್ತ ಎಳೆದಿದ್ದರು. 'ಖಾ' ಇದ್ದ ಹೆಸರುಗಳಿಗೆಲ್ಲ ವೃತ್ತ. ಖಾಲಿ ಮಾಡಿ ಹೋದವರ ಓಟುಗಳನ್ನು ಟೆಂಪೋದಲ್ಲಿ ಬಂದವರು ಹಾಕಿದ್ದರೆಂದು ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಷ್ಟು ಶ್ರದ್ಧೆಯಿಂದ ನಾನು ಬರೆದುಕೊಟ್ಟದ್ದು ಕಳ್ಳ ಓಟಿನ ಪಟ್ಟಿ. ಹಾಳೆ ತಿರುವಿದೆ. ಎರಡನೇ ಸಾಲು, ಮೊದಲ ಮನೆ. ನನ್ನ ದಪ್ಪ ಸರಿ ಗುರುತಿನ ಸುತ್ತ ಒಂದು ಕೆಂಪು ವೃತ್ತ, ಪಕ್ಕದಲ್ಲಿ ಒಂದೇ ಪದ: ಅನುಮಾನ. ಗುಂಡುಗುಂಡಗಿನ, ಸ್ವಲ್ಪ ನಡುಗಿದ ಅಕ್ಷರ. ಆ ಕೈಬರಹ ನನಗೆ ಬಾಯಿಪಾಠವಾಗಿತ್ತು. ಅದೇ ಕೈ ನಾನು ಈ ಮನೆಯಲ್ಲಿ ವಾಸವಾಗಿದ್ದೇನೆಂದು ಬರೆದುಕೊಟ್ಟಿತ್ತು.

ಅರಿಶಿನದ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡದ್ದು ಯಾಕೆಂದು ಆಗ ಹೊಳೆಯಿತು. ನನ್ನ ಆಣೆ ಅವರಿಗೆ ಬೇ‌ಕಾಗಿರಲಿಲ್ಲ. ನನ್ನ ಓಟಿನ ವ್ಯವಸ್ಥೆ ಅಷ್ಟರಲ್ಲಿ ಆಗಿಹೋಗಿತ್ತು.

ಹಾಳೆ ಹಿಡಿದು ಕೊಟ್ಟಿಗೆಗೆ ಹೋದೆ. ಅಕ್ಕ ಹಸುವಿನ ಮೈ ತೊಳೆಯುತ್ತಿದ್ದರು, ಕೊರಳಲ್ಲಿ ನಿನ್ನೆಯ ಹಾರದ ಒಂದು ಎಳೆ ಹಾಗೇ ಇತ್ತು.

"ಅಕ್ಕ, ನನ್ನ ಓಟು ಹಾಕಿದ್ದು ಯಾರು?"

ಹಾಳೆ ನೋಡಿದರು. ಮುಖ ಕೆಂಪಾಗಲಿಲ್ಲ, ಕಪ್ಪಾಗಲಿಲ್ಲ. "ಓ, ಅದಾ. ಎಲೆಕ್ಷನ್ ಅಂದ್ಮ್ಯಾಕೆ ಅವೆಲ್ಲ ಇದ್ದಿದ್ದೇ ಕಣವ್ವ."

"ನನ್ನ ಮೇಲೆ ನಿಮಗೆ ಅನುಮಾನವಾ? ಒಂದು ವಾರ ನಿಮ್ಮ ಹಿಂದೆ ನಾಯಿ ಹಾಗೆ ಓಡಾಡಿದೆನಲ್ಲ."

"ನಿಮ್ಮೋರು ಬಂದು ಚಾ ಕುಡ್ಕಂಡು ನಕ್ಕೊಂಡ್ ಕುಂತಿದ್ರಂತೆ. ನಾನೆಂಗ್ ನಂಬ್ಲಿ? ಜಾತಿ ಅಂದ್ರೆ ಎಳ್ಯಾಕಿಲ್ವಾ?"

"ನಾನೇ ಬಂದು ಹೇಳಿದೆನಲ್ಲ ಅಕ್ಕ."

"ಏಳ್ದೆ. ಅದ್ಕೇ ಇನ್ನೂ ಅನ್ಮಾನ ಬಂತು."

ಅವರು ಬಕೆಟ್ಟಿನ ನೀರನ್ನು ಹಸುವಿನ ಬೆನ್ನಿಗೆ ಸುರಿದು, ಏನೋ ಸಮಾಧಾನ ಮಾಡುವವರಂತೆ ನನ್ನ ಕಡೆ ತಿರುಗಿದರು. "ನೀನು ನಂಗೇ ತಾನೆ ಆಕ್ತಿದ್ದಿದ್ದು?"

"ಹೂಂ."

"ಮತ್ತಿನ್ನೇನು? ಯಾರ್ ಒತ್ತುದ್ರೇನು, ನಂಗೇ ಬಂತಲ್ಲ."

"ಅದು ನನ್ನದು ಅಕ್ಕ" ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಹನ್ನೊಂದು ವರ್ಷ ಆದ ಮೇಲೆ ಸಿಕ್ಕಿತ್ತು. ನಿಮಗೇ ಹಾಕುತ್ತಿದ್ದೆ, ಆದರೆ ನಾನು ಹಾಕಬೇಕಿತ್ತು."

"ಕಾಗ್ದ ಕೊಟ್ಟೋಳು ನಾನೇ ಅಲ್ವಾ?" ಅಂದರು ಅಕ್ಕ. ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದವರ ಹಾಗೆ. ಅವರ ಮನೆ, ಅವರ ವಿಳಾಸ, ಅವರ ಕಾಗದ. ಅದರಿಂದ ಹುಟ್ಟಿದ ಓಟು ಇನ್ಯಾರದಾದೀತು ಎಂದೇ ಅವರ ಲೆಕ್ಕ. ಇಂಥವರ ಹತ್ತಿರ ಜಗಳವಾಡುವುದು ಹೇಗೆ? ಎಲ್ಲರ ಹತ್ತಿರವೂ ಜಗಳವಾಡಿದವಳು ನಾನು, ಅವತ್ತು ನನಗೆ ಬರಲಿಲ್ಲ. ಹಾಳೆಯನ್ನು ಅಲ್ಲೇ ಗೋಡೆಯ ಗೂಡಿನಲ್ಲಿಟ್ಟು ಹೊರಟೆ.

ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಕರೆದರು. "ಟೈಲರಮ್ಮ."

ನಿಂತೆ.

"ಆ ಪೇಪರ್ ಓಟು ಕೊಟ್ರಂತಲ್ಲ ನಿಂಗೆ. ಅದ್ನ ಯಾರ್ಗ್ ಆಕ್ದೆ? ನಿಜ ಏಳು."

"ನಿಮಗೇ ಅಕ್ಕ."

ಅಕ್ಕ ನಕ್ಕರು. ಸುಳ್ಳು ಹೇಳಿ ಸಿಕ್ಕಿಬಿದ್ದ ಮಕ್ಕಳನ್ನು ನೋಡಿ ದೊಡ್ಡವರು ನಗುತ್ತಾರಲ್ಲ, ಹಾಗೆ. "ಓಗ್ಲಿ ಬುಡು, ಆಗಿದ್ ಆಗೋಯ್ತು. ನಾನೇನ್ ತಪ್ಪು ತಿಳ್ಕಣಾಕಿಲ್ಲ" ಅಂದರು, ಮತ್ತೆ ಹಸುವಿನ ಕಡೆ ತಿರುಗಿದರು.

ನನ್ನ ಗಂಡನಿಗೂ ಹೇಳದ ಸತ್ಯವನ್ನು ನಾನು ಅವರೊಬ್ಬರಿಗೆ ಹೇಳಿದ್ದೆ. ಅವರು ನನ್ನನ್ನು ಕ್ಷಮಿಸಿದರು.